ನಾವು ಕೇಳಿದ್ದು ಎರಡು ದೀಪ

ನಮ್ಮ ಊರಿನ ನಗರಾಡಳಿತದ ಮುಖ್ಯಸ್ಥರಿಗೆ, ನಮ್ಮ ವಾರ್ಡಿನ ಜನಪ್ರತಿನಿಧಿಗಳಿಗೆ, ಪಾರ್ಕಿನ ಕಾಮಗಾರಿ ನೋಡಿಕೊಳ್ಳುವ ಎಂಜಿನಿಯರ್ ಸಾಹೇಬರಿಗೆ ನಮಸ್ಕಾರಗಳು.

ವಿಷಯ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಅರ್ಧ ಮುಗಿದಿರುವ ಸಿಮೆಂಟ್ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ತಾವು ಒಂದು ಸಲ ಬಂದು ನೋಡುವ ಕುರಿತು.

ಮಾನ್ಯರೇ,

ಊರಿನ ಹೆಸರನ್ನು ಬೇಕಂತಲೇ ಬರೆದಿಲ್ಲ. ಕೊಪ್ಪಳ ಜಿಲ್ಲೆಯ ಒಂದು ಊರು ಅಂದರೆ ಸಾಕು, ಓದಿದ ಕೂಡಲೇ ತಮಗೆ ಗೊತ್ತಾಗುತ್ತದೆ. ಹೆಸರು ಹಾಕಿದರೆ ಮೇಲಿನವರು ಕೆಳಗಿನವರನ್ನು ಕೇಳುತ್ತಾರೆ, ಕೆಳಗಿನವರು ಇನ್ನೂ ಕೆಳಗಿನವರನ್ನು ಕೇಳುತ್ತಾರೆ. ಕೊನೆಗೆ ಪಾಪ, ದಿನಗೂಲಿಯ ಒಬ್ಬ ಹುಡುಗನಿಗೆ ನೋಟಿಸ್ ಹೋಗುತ್ತದೆ. ಅದು ನಮಗೆ ಬೇಡ.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇವೆ. ನೋಂದಣಿ ಆದ ಸಂಘವಲ್ಲ. ಅಧ್ಯಕ್ಷರಿಲ್ಲ, ಖಜಾಂಚಿ ಇಲ್ಲ, ರಬ್ಬರ್ ಸ್ಟಾಂಪ್ ಅಂತೂ ಇಲ್ಲವೇ ಇಲ್ಲ. ಇರುವುದು ಇನ್ನೂರು ಪುಟದ ಒಂದು ನೋಟ್‌ಬುಕ್. ಅದಕ್ಕೆ ಪಾಳಿ ಪುಸ್ತಕ ಅನ್ನುತ್ತೇವೆ. ಯಾವ ದಿನ ಯಾವ ಮನೆಯವರು ಪಾರ್ಕಿನ ಗಿಡಗಳಿಗೆ ನೀರು ಹಾಕಬೇಕು, ಯಾರು ಕಸ ಹೊಡೆಯಬೇಕು, ಯಾರು ಹಾಕಿದರು, ಯಾರು ತಪ್ಪಿಸಿದರು, ಎಲ್ಲ ಅದರಲ್ಲಿದೆ. 31 ಮನೆಗಳ ಹೆಸರಿವೆ. ನಾನು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವಳು. ಮನೆ ಪಾರ್ಕಿನ ಎದುರಿಗೇ ಇರುವುದರಿಂದ ಪಾಳಿ ಪುಸ್ತಕ ನನ್ನ ಹತ್ತಿರವೇ ಇರುತ್ತದೆ. ಹಾಗಾಗಿ ಈ ಪತ್ರ ಬರೆಯುವ ಪಾಳಿಯೂ ನನಗೇ ಬಂತು.

ಈ ಪಾರ್ಕು 20 ಗುಂಟೆ ಜಾಗ. ಬಡಾವಣೆ ಆಗುವ ಮೊದಲು ಹೊಲವಾಗಿತ್ತು. ಆ ಹೊಲದ ಬದುವಿನಲ್ಲಿದ್ದ ಮೂರು ದೊಡ್ಡ ಬೇವಿನ ಮರ ಹಾಗೇ ಉಳಿದುಕೊಂಡಿವೆ. ಉಳಿದ ಜಾಗದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಅದರ ಮುಳ್ಳು ಚಪ್ಪಲಿ ತೂರಿ ಕಾಲಿಗೆ ಹೋಗುತ್ತಿತ್ತು. ಹಂದಿ, ಹಾವು, ಖಾಲಿ ಬಾಟಲಿ, ಇನ್ನೇನು ಬೇಕು? ಏಳು ವರ್ಷದ ಹಿಂದೆ ಓಣಿಯ ಹುಡುಗರು ಒಂದು ಭಾನುವಾರ ಕೊಡಲಿ ಹಿಡಿದು ನಿಂತರು. ಒಂದು ಭಾನುವಾರದಲ್ಲಿ ಮುಗಿಯುವ ಕೆಲಸವೇ ಅದು? ಜಾಲಿ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇರು ಸಮೇತ ಕೀಳಲು ಮೂರು ಬೇಸಿಗೆ ಬೇಕಾಯಿತು.

ಅದೇ ವರ್ಷ ಕೊಪ್ಪಳದ ಗವಿಮಠದ ಶ್ರೀಗಳು ಹಿರೇಹಳ್ಳ ಹಸನು ಮಾಡುವ ಕೆಲಸಕ್ಕೆ ಇಳಿದಿದ್ದರು. 2019ರ ಮಾತು. ಹಳ್ಳದಲ್ಲಿ ಜಾಲಿ, ಹೂಳು ತೆಗೆಯಲು ಜನ ಸಾಲುಗಟ್ಟಿ ಹೋಗಿದ್ದನ್ನು ತಾವೂ ಕೇಳಿರುತ್ತೀರಿ. ಸುಳ್ಳು ಯಾಕೆ ಹೇಳಲಿ, ನಮಗೆ ಧೈರ್ಯ ಬಂದಿದ್ದು ಅಲ್ಲಿಂದಲೇ. ಅಷ್ಟು ಉದ್ದದ ಹಳ್ಳವನ್ನೇ ಹಸನು ಮಾಡುತ್ತಿದ್ದಾರೆ, ನಮಗೆ 20 ಗುಂಟೆ ಆಗುವುದಿಲ್ಲವಾ ಅಂದುಕೊಂಡೆವು.

ಜಾಲಿ ತೆಗೆದ ಜಾಗದಲ್ಲಿ ಬೇವು, ಹೊಂಗೆ, ಒಂದೆರಡು ನೇರಳೆ ಸೇರಿ 16 ಸಸಿ ನೆಟ್ಟೆವು. ನಮ್ಮಲ್ಲಿ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಕುಡಿಯುವ ನೀರನ್ನು ಗಿಡಕ್ಕೆ ಹಾಕುವ ಶ್ರೀಮಂತಿಕೆ ಯಾರಿಗಿದೆ? ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು, ಒಂದೊಂದು ಮನೆಯಿಂದ ಒಂದೊಂದು ಕೊಡ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಲಕ್ಷಗಟ್ಟಲೆ ರೊಟ್ಟಿ ಯಾವ ಮಷೀನಿನಿಂದಲೂ ಬರುವುದಿಲ್ಲ, ಊರೂರಿನ ಮನೆಮನೆಯಿಂದ ಬರುತ್ತವೆ. ನಮ್ಮ ಸಸಿಗಳು ಮರ ಆಗಿದ್ದೂ ಹಾಗೇ. ಮೂರನೇ ವರ್ಷ ವಂತಿಗೆ ಹಾಕಿ ಒಂದು ಹಳೆಯ ಕಪ್ಪು ಟ್ಯಾಂಕು, ಹನಿ ನೀರಾವರಿಯ ಪೈಪು ತಂದೆವು. ಪೈಪನ್ನು ಒಬ್ಬ ರೈತರು ಅರ್ಧ ಬೆಲೆಗೆ ಕೊಟ್ಟರು.

ಈಗ ದೀಪದ ಮಾತಿಗೆ ಬರುತ್ತೇವೆ.

ಎರಡು ವರ್ಷದ ಹಿಂದೆ ರಾತ್ರಿ ಹೊತ್ತು ಪಾರ್ಕಿನಲ್ಲಿ ಕುಡಿಯುವವರ ಕಾಟ ಶುರುವಾಯಿತು. ಹೊರಗಿನವರೇ ಅಂತ ಹೇಳಿದರೆ ತಪ್ಪಾಗುತ್ತದೆ. ನಮ್ಮ ಓಣಿಯ ಇಬ್ಬರು ಮೂವರು ಇದ್ದರು. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಸುತ್ತು ಹಾಕಿ ಬರುವ ಹಾಗಾಯಿತು. ಅದಕ್ಕೆ ಒಂದು ಅರ್ಜಿ ಬರೆದೆವು. "ಪಾರ್ಕಿನ ಎರಡು ಮೂಲೆಗೆ ಎರಡು ದೀಪ ಹಾಕಿಸಿಕೊಡಬೇಕು." ಇಷ್ಟೇ. ಕೆಳಗೆ ಸಹಿಗಳು. ತಮ್ಮ ಕಚೇರಿಯ ಸ್ವೀಕೃತಿ ಮುದ್ರೆ ಇರುವ ಪ್ರತಿಯನ್ನು ಪಾಳಿ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿಟ್ಟಿದ್ದೇನೆ.

ದೀಪ ಬರಲಿಲ್ಲ. ಈ ಫೆಬ್ರುವರಿಯಲ್ಲಿ ಒಂದು ಬೆಳಗ್ಗೆ ಜೆಸಿಬಿ ಬಂತು.

ನಾನು ರೊಟ್ಟಿ ಹಂಚಿನ ಮುಂದೆ ಕೂತಿದ್ದೆ. ಸದ್ದು ಕೇಳಿ ಹೊರಗೆ ಬರುವಷ್ಟರಲ್ಲಿ ಕಟ್ಟೆಯ ಹಾಸುಗಲ್ಲು ಎಬ್ಬಿಸಿಯಾಗಿತ್ತು. ಪೈಪು ಜೆಸಿಬಿಯ ಹಲ್ಲಿಗೆ ಸಿಕ್ಕಿ ದಾರದ ಹಾಗೆ ಎದ್ದು ಬಂತು. ಮೇಸ್ತ್ರಿಯನ್ನು ಕೇಳಿದೆ. ಅವರು ಒಳ್ಳೆಯವರೇ, ಮೆತ್ತಗೆ ಮಾತಾಡಿದರು. "ಅಕ್ಕಾರ, ನಿಮ್ಮ ಅರ್ಜಿ ಮ್ಯಾಲೇನ ಬಂದದ್ದರಿ ಇದು. ಪಾರ್ಕ್ ಅಭಿವೃದ್ಧಿ. ನೀವು ಖುಷಿ ಪಡಬೇಕು" ಅಂದರು.

ನಮ್ಮ ಅರ್ಜಿ ಮೇಲೆಯೇ ಬಂದದ್ದಂತೆ! ಎರಡು ದೀಪ ಕೇಳಿದ ಕಾಗದ ಎಲ್ಲೆಲ್ಲಿ ತಿರುಗಿ, ಯಾವ ಯಾವ ಟೇಬಲ್ ಮೇಲೆ ಏನೇನು ಸೇರಿಸಿಕೊಂಡು ಬಂತೋ, ವಾಪಸ್ ಬರುವಾಗ ಅದರಲ್ಲಿ ಪೇವರ್ ಬ್ಲಾಕ್ ಇತ್ತು, ಸ್ಟೀಲ್ ಬೆಂಚ್ ಇತ್ತು, ಓಪನ್ ಜಿಮ್ ಇತ್ತು, ಹೈಮಾಸ್ಟ್ ಕಂಬ ಇತ್ತು, ಬಣ್ಣದ ಕಮಾನು ಇತ್ತು. ಕಂಬ ನಿಂತು ಮೂರು ತಿಂಗಳಾಯಿತು. ಕರೆಂಟ್ ಕನೆಕ್ಷನ್ ಇನ್ನೂ ಕೊಟ್ಟಿಲ್ಲ. ಪಾರ್ಕಿನಲ್ಲಿ ಈಗಲೂ ಕತ್ತಲೆ.

ಜೆಸಿಬಿ ಕಂಡರೆ ನಮಗೆ ಸಿಟ್ಟಿಲ್ಲ. ಹಿರೇಹಳ್ಳದ ಹೂಳು ತೆಗೆದದ್ದೂ ಇಂಥ ಯಂತ್ರಗಳೇ ಅಲ್ವಾ. ಹಾಗೆಯೇ ಆದ ಒಳ್ಳೆಯದನ್ನು ಮುಚ್ಚಿಡುವುದಿಲ್ಲ. ಕಾಂಪೌಂಡಿನ ಒಡಕು ಸರಿ ಮಾಡಿಸಿದ್ದೀರಿ, ಹಂದಿ ಬರುವುದು ನಿಂತಿದೆ. ಜಿಮ್ಮಿನ ಸಾಮಾನಿನ ಮೇಲೆ ಬೆಳಗ್ಗೆ ಹುಡುಗರಿಗಿಂತ ಅಜ್ಜಂದಿರೇ ಜಾಸ್ತಿ ಇರುತ್ತಾರೆ. ಒಬ್ಬ ಅಜ್ಜ ಅಂತೂ ಧೋತರ ಎತ್ತಿ ಕಟ್ಟಿ ಆ ತೂಗಾಡುವ ಪೆಡಲಿನ ಮೇಲೆ ನಿಂತರೆ ಅರ್ಧ ತಾಸು ಇಳಿಯುವುದಿಲ್ಲ. ಅದಕ್ಕೆ ಧನ್ಯವಾದ.

ನಮ್ಮ ದೂರು ಇರುವುದು ನೆಲದ ಬಗ್ಗೆ.

ಪಾರ್ಕಿನ ಪೂರ್ವದ ಅರ್ಧ ಭಾಗಕ್ಕೆ ಪೇವರ್ ಹಾಸಿಯಾಗಿದೆ. ಬ್ಲಾಕನ್ನು ಮರಳಿನ ಹಾಸಿನ ಮೇಲೆ ಜೋಡಿಸಿದರೆ ಸಂದಿಯಲ್ಲಿ ಸ್ವಲ್ಪ ನೀರಾದರೂ ಇಳಿಯುತ್ತದೆ ಅಂತ ಗಾರೆ ಕೆಲಸದವರೇ ಹೇಳುತ್ತಾರೆ. ಇಲ್ಲಿ ಕೆಳಗೆ ಕಾಂಕ್ರೀಟ್ ಸುರಿದು, ಮೇಲೆ ಬ್ಲಾಕ್ ಇಟ್ಟು, ಸಂದಿಗೂ ಸಿಮೆಂಟ್ ತುಂಬಿದ್ದಾರೆ. ಎರಡು ದೊಡ್ಡ ಬೇವಿನ ಬುಡಕ್ಕೆ ಬೊಗಸೆಯಷ್ಟು ಮಣ್ಣೂ ಬಿಟ್ಟಿಲ್ಲ. ಮರದ ಬೇರು ಆಳಕ್ಕೆ ಹೋಗುತ್ತದೆ ನಿಜ. ಆದರೆ ನೀರು, ಗಾಳಿ ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅದನ್ನು ಮುಚ್ಚಿದರೆ ಮರ ನಾಳೆಯೇ ಸಾಯುವುದಿಲ್ಲ. ಎರಡು ಮೂರು ವರ್ಷ ಒಣಗುತ್ತಾ ಹೋಗುತ್ತದೆ, ಅಷ್ಟರಲ್ಲಿ ಬಿಲ್ ಪಾಸಾಗಿರುತ್ತದೆ.

ದೆಹಲಿಯಲ್ಲೂ ಇದೇ ತಕರಾರು ಎದ್ದಿತ್ತು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿನ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕು ಅಂತ ಆದೇಶ ಮಾಡಿತು. ದೆಹಲಿಯ ಮರಕ್ಕೆ ಬೇಕಾದ ಒಂದು ಮೀಟರ್ ನಮ್ಮ ಬೇವಿಗೆ ಬೇಡವಾ?

ನೀರಿನ ಲೆಕ್ಕವನ್ನೂ ಹೇಳುತ್ತೇವೆ. ಇದನ್ನು ಮಾಡಿದ್ದು ನಮ್ಮ ಓಣಿಯ ಒಬ್ಬ ಪಿಯುಸಿ ಹುಡುಗಿ. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಒಂದು ಗುಂಟೆ ಅಂದರೆ 1,089 ಚದರಡಿ. ಒಂದು ಗುಂಟೆಯ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 60,000 ಲೀಟರ್. 20 ಗುಂಟೆಗೆ 12 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 240 ಟ್ಯಾಂಕರ್. ಬಿದ್ದದ್ದೆಲ್ಲ ಇಂಗುವುದಿಲ್ಲ, ಒಪ್ಪೋಣ. ಕಾಲು ಭಾಗ ಇಂಗಿದರೂ 60 ಟ್ಯಾಂಕರ್ ಆಯಿತು. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ನಾವು ಎಷ್ಟು ಫೋನ್ ಮಾಡುತ್ತೇವೆ ಅನ್ನುವುದು ತಮಗೇ ಚೆನ್ನಾಗಿ ಗೊತ್ತು. ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಂತು. ಅರ್ಧ ತಾಸು ಅಷ್ಟೇ. ಪೇವರ್ ಮೇಲಿನ ನೀರೆಲ್ಲ ಹರಿದು ತಗ್ಗಿನ ಓಣಿಗೆ ಹೋಯಿತು, ಎರಡು ಮನೆಯ ಪಡಸಾಲೆಗೆ ನುಗ್ಗಿತು. ಈ ಏಳು ವರ್ಷದಲ್ಲಿ ಹೀಗಾಗಿರಲಿಲ್ಲ.

ಇನ್ನು ಬೀಗ. ಹೊಸ ಗೇಟು ಹಾಕಿ ಬೋರ್ಡು ತೂಗುಹಾಕಿದ್ದಾರೆ: ಬೆಳಗ್ಗೆ 6ರಿಂದ 9, ಸಂಜೆ 5ರಿಂದ 7. ಮಧ್ಯಾಹ್ನ ಬಂದ್. ಪಾರ್ಕು ಅಂದರೆ ವಾಕಿಂಗ್ ಅಂತ ತಿಳಿದವರು ಈ ಟೈಮ್ ಬರೆದಿರಬೇಕು. ನಮ್ಮ ಊರಿಗೆ ಪಾರ್ಕು ಬೇಕಾಗಿರುವುದೇ ಮಧ್ಯಾಹ್ನ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ತಗಡಿನ ಮನೆಯೊಳಗೆ ಕೂರಲು ಆಗುತ್ತದೆಯೇ? ಆ ಹೊತ್ತಿನಲ್ಲಿ ಬೇವಿನ ಕೆಳಗೆ ಯಾರಿರುತ್ತಿದ್ದರು ಅಂತ ಹೇಳುತ್ತೇನೆ, ದಿನಾ ನೋಡುತ್ತಿದ್ದವಳು ನಾನು. ಬೆಳಗಿನ ಪಾಳಿ ಮುಗಿಸಿದ ಪೌರಕಾರ್ಮಿಕ ಹೆಣ್ಣುಮಕ್ಕಳು ಬುತ್ತಿ ಬಿಚ್ಚುತ್ತಿದ್ದರು. ಅವರು ತಮ್ಮ ಕೈಕೆಳಗಿನವರೇ, ಸಾಹೇಬರೇ. ಹಮಾಲರು ಟವೆಲ್ ಹಾಸಿ ಮಲಗುತ್ತಿದ್ದರು. ಸರ್ಕಾರಿ ಪರೀಕ್ಷೆಗೆ ಓದುವ ಹುಡುಗರು ಮೂರು ನಾಲ್ಕು ಜನ, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಾ. ಹೋದ ವರ್ಷ ಅವರಲ್ಲಿ ಒಬ್ಬನಿಗೆ ಕೆಲಸ ಸಿಕ್ಕಾಗ ಅವನು ಪೇಢೆ ಹಂಚಿದ್ದು ಆ ಕಟ್ಟೆಯ ಮೇಲೆಯೇ. ಈಗ ಕಟ್ಟೆ ಇಲ್ಲ. ಸ್ಟೀಲ್ ಬೆಂಚ್ ಇದೆ. ಬಿಸಿಲಿಗೆ ಅದು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಈ ಹೋಲಿಕೆ ಸುಮ್ನೆ ಹೇಳಿದ್ದಲ್ಲ, ಹಂಚು ಎಷ್ಟು ಕಾದಿದೆ ಅಂತ ನೋಡಿ ಹೇಳುವುದು ನನ್ನ ದಿನದ ಕೆಲಸ.

ಬೀಗದ ಕೈ ಗುತ್ತಿಗೆದಾರರ ಮನುಷ್ಯನ ಹತ್ತಿರ ಇರುತ್ತದೆ. ಅವರು ಬೇರೆ ಊರಿನಿಂದ ಬಸ್ಸಿನಲ್ಲಿ ಬರಬೇಕು. ಬಸ್ಸು ತಪ್ಪಿದ ದಿನ ಗೇಟು ತೆರೆಯುವುದಿಲ್ಲ. ಆವತ್ತು ಮಕ್ಕಳು ಕಾಂಪೌಂಡ್ ಹಾರುತ್ತಾರೆ, ಅಜ್ಜಂದಿರು ಹೊರಗೆ ನಿಲ್ಲುತ್ತಾರೆ.

ನೆಟ್ಟ 16ರಲ್ಲಿ ಐದು ಗಿಡ ಹೋದವು. ಅದನ್ನೂ ತಡೆದುಕೊಳ್ಳಬಹುದು, ಮತ್ತೆ ನೆಡಬಹುದು. ನಮ್ಮ ಓಣಿಯ ಹೆಣ್ಣುಮಕ್ಕಳು ಇನ್ನೂ ತಡೆದುಕೊಳ್ಳದ ಒಂದು ಸಂಗತಿ ಬೇರೆ ಇದೆ. ಗೇಟಿನ ಎಡಕ್ಕಿರುವ ದೊಡ್ಡ ಬೇವಿಗೆ ಒಂದು ಅಡ್ಡ ಕೊಂಬೆ ಇತ್ತು. ಆಳೆತ್ತರಕ್ಕಿಂತ ಎರಡು ಪಟ್ಟು ಮೇಲೆ, ನೆಲಕ್ಕೆ ಸಮವಾಗಿ ಚಾಚಿದ್ದ ಕೊಂಬೆ. ನಾಗರ ಪಂಚಮಿಗೆ ಜೋಕಾಲಿ ಕಟ್ಟುವುದು ಅದಕ್ಕೇ. ಬಡಾವಣೆ ಆಗುವ ಮೊದಲು ಹೊಲದವರು ಕಟ್ಟುತ್ತಿದ್ದರಂತೆ, ಆಮೇಲೆ ನಾವು. ತವರಿಗೆ ಬಂದ ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಜೀಕುತ್ತಿದ್ದರು. ಕೆಳಗೆ ಉಂಡಿಯ ಡಬ್ಬಿ, ಅಳ್ಳಿಟ್ಟು, ನಗೆ, ಜಗಳ. ಪಕ್ಕದ ಓಣಿಯ ಮುಸ್ಲಿಂ ಹುಡುಗಿಯರೂ ಪಾಳಿ ಹಚ್ಚಿ ನಿಲ್ಲುತ್ತಿದ್ದರು. ವರ್ಷವರ್ಷ ಹಗ್ಗ ತಿಕ್ಕಿ ಆ ಕೊಂಬೆಯ ತೊಗಟೆಯಲ್ಲಿ ಎರಡು ಕಡೆ ಬೆರಳು ಹುದುಗುವಷ್ಟು ಗೆರೆ ಬಿದ್ದಿತ್ತು. ಹೈಮಾಸ್ಟ್ ಬೆಳಕಿಗೆ ಅಡ್ಡ ಆಗುತ್ತದೆ ಅಂತ ಅದನ್ನು ಕಡಿದರು. ಕಡಿದು ಬಿದ್ದ ಕೊಂಬೆಯಲ್ಲಿ ಆ ಗೆರೆ ಇರುವ ಒಂದು ಮೊಳದ ತುಂಡನ್ನು ನಮ್ಮ ಎದುರು ಮನೆಯ ಅಜ್ಜಿ ಎತ್ತಿಕೊಂಡು ಹೋಗಿ ಒಳಗಿಟ್ಟಿದ್ದಾರೆ. ಯಾಕಜ್ಜಿ ಅಂದರೆ ಮಾತಾಡುವುದಿಲ್ಲ. ಇನ್ನೂ ಹತ್ತದ ದೀಪಕ್ಕೆ ಆ ಕೊಂಬೆ ಅಡ್ಡ ಆಯಿತು!

ಈ ಎಲ್ಲ ವಿಷಯ ಹೇಳಲು ನಾವು ಆರು ಜನ ತಮ್ಮ ಕಚೇರಿಗೆ ಬಂದಿದ್ದೆವು. ತಾವು ಮೀಟಿಂಗಿನಲ್ಲಿದ್ದಿರಿ. ಹೊರಗಿದ್ದ ಒಬ್ಬರು ನಮ್ಮ ಮಾತು ಅರ್ಧ ಕೇಳಿ, "ಪಾರ್ಕು ನಿಮ್ಮಪ್ಪಂದೇನು? ಸರ್ಕಾರದ್ದು" ಅಂದರು. ಅವರ ಹೆಸರು ಬೇಡ, ಬಿಸಿಲಿಗೆ ಎಲ್ಲರಿಗೂ ತಲೆ ಕಾದಿರುತ್ತದೆ. ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕು ಅನ್ನಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಕೋರ್ಟಿಗೆ ಹೋದವರು ಅಲ್ಲಿನ ನಿವಾಸಿಗಳು. ಕೇಳಲು ನಿಮಗೇನು ಹಕ್ಕು ಅನ್ನುವ ವಾದ ಅಲ್ಲೂ ಬಂದಿತ್ತು. ನಿವಾಸಿಗಳಿಗೆ ಹಕ್ಕಿದೆ ಅಂದಿತು ಕೋರ್ಟು, ಜಾಗ ಪಾರ್ಕಾಗಿಯೇ ಉಳಿಯಿತು. ನಮ್ಮ ರಾಜ್ಯದಲ್ಲಂತೂ ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸಲೆಂದೇ 1985ರ ಕಾಯ್ದೆ ಇದೆ. ಮರಗಳ ರಕ್ಷಣೆಗೆ 1976ರ ಕಾಯ್ದೆ ಇದೆ. ಆ ಕೊಂಬೆ ಕಡಿಯುವ ಮೊದಲು, ಐದು ಗಿಡ ಕೀಳುವ ಮೊದಲು ಮರ ಅಧಿಕಾರಿಯನ್ನು ಕೇಳಲಾಗಿತ್ತೇ? ಕೇಳಿದ್ದರೆ ಆ ಕಾಗದ ತೋರಿಸಿ, ನಾವು ಸುಮ್ಮನಾಗುತ್ತೇವೆ.

ಆವತ್ತು ವಾಪಸ್ ಬರುವಾಗ ನಮ್ಮಲ್ಲೊಬ್ಬರು ನಿವೃತ್ತ ಮಾಸ್ತರರು ಇನ್ನೊಂದು ಮಾತು ನೆನಪಿಸಿದರು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆಯಲ್ಲ, ಅದರಲ್ಲಿ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮನಸ್ಸಿಟ್ಟು ದುಡಿದರೆ ಸಾಧಿಸಬಹುದು ಅನ್ನುವ ಅರ್ಥದ ಮಾತಿದೆಯಂತೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ಸಣ್ಣವರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದ. ನಾವು ತಮ್ಮ ವರಾಂಡದಲ್ಲಿ ಒಂದೂವರೆ ತಾಸು ನಿಂತಿದ್ದೆವು, ಅಷ್ಟೇ.

ನಮ್ಮ ತಪ್ಪುಗಳೂ ಇವೆ. ಕುಡಿಯುವವರು ನಮ್ಮ ಓಣಿಯವರೇ ಆದರೂ ಮನೆಗೆ ಹೋಗಿ ಹೇಳುವ ಧೈರ್ಯ ನಮಗೆ ಬರಲಿಲ್ಲ, ದೀಪ ಬಂದರೆ ತಾವೇ ಹೋಗುತ್ತಾರೆ ಅಂತ ಅರ್ಜಿ ಬರೆದೆವು. ಮೂಲೆಯಲ್ಲಿ ಗುಡಿ ಕಟ್ಟಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಜಗಳ ಆಗಿ ಆರು ತಿಂಗಳು ಪಾಳಿ ಪುಸ್ತಕ ಖಾಲಿ ಬಿದ್ದಿತ್ತು. ಆ ಬೇಸಿಗೆಯಲ್ಲಿ ಒಂದು ನೇರಳೆ ಒಣಗಿತು, ಅದಕ್ಕೆ ಯಾವ ಗುತ್ತಿಗೆದಾರರೂ ಕಾರಣರಲ್ಲ. ಅದರ ಜಾಗಕ್ಕೆ ಬೇರೆ ಹಚ್ಚಿದೆವು. ಗುಡಿ ಕಟ್ಟಲಿಲ್ಲ. ಜಗಳ ಆಡಿದವರು ಈಗ ಒಂದೇ ದಿನದ ಪಾಳಿಯಲ್ಲಿದ್ದಾರೆ.

ಈಗ ನಮ್ಮ ಬೇಡಿಕೆ. ಪಶ್ಚಿಮದ ಅರ್ಧ ಭಾಗ ಇನ್ನೂ ಮಣ್ಣಾಗಿಯೇ ಇದೆ. ಪಕ್ಕದಲ್ಲಿ ಪೇವರ್ ಬ್ಲಾಕಿನ ರಾಶಿ ಬಂದು ಬಿದ್ದಿದೆ. ಅದನ್ನು ಅಲ್ಲಿ ಹಾಸಬೇಡಿ. ರಾಶಿ ಹಾಳಾಗುವುದು ಬೇಡ ಅಂದರೆ ತಗ್ಗಿನ ಓಣಿಯ ಅಂಗನವಾಡಿ ಮುಂದೆ ಮಳೆಗಾಲದಲ್ಲಿ ಕೆಸರು ಮೊಣಕಾಲುದ್ದ ಆಗುತ್ತದೆ, ಅಲ್ಲಿ ಹಾಸಿ, ತಾಯಂದಿರು ತಮ್ಮನ್ನು ಹರಸುತ್ತಾರೆ. ಹಾಸಿ ಮುಗಿದ ಭಾಗದಲ್ಲಿ ಪ್ರತಿ ಮರದ ಸುತ್ತ ಒಂದು ಮೀಟರ್ ಬಿಡಿಸಿ ಕೊಡಿ. ಬಿಡಿಸಲು ಕೂಲಿ ಇಲ್ಲ ಅಂದರೆ ಲಿಖಿತ ಒಪ್ಪಿಗೆ ಕೊಡಿ ಸಾಕು, ಹಾರೆ, ಪುಟ್ಟಿ ನಮ್ಮ ಹತ್ತಿರ ಇವೆ. ಒಪ್ಪಿಗೆ ಇಲ್ಲದೆ ಮುಟ್ಟುವುದಿಲ್ಲ. ಮುಂಗಾರು ಹತ್ತಿರ ಬಂದಿದೆ, ಆದ್ದರಿಂದ ಇದು ಮೊದಲು.

ಕಾಮಗಾರಿಯ ಅಂದಾಜು ಪಟ್ಟಿ, ನಕ್ಷೆ, ಮೊತ್ತ, ಮುಗಿಯುವ ದಿನ ಬರೆದ ಫಲಕವನ್ನು ಗೇಟಿನ ಹತ್ತಿರ ಹಾಕಿಸಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ 30 ದಿನ ಕಾಯಬಹುದು. ಆದರೆ ಎದುರು ಬದುರು ಮನೆಯವರ ಹಾಗೆ ಇರುವ ನಾವು ತಾವು ಕಾಗದದಲ್ಲೇ ಮಾತಾಡಬೇಕಾ? ಮಧ್ಯಾಹ್ನ ಗೇಟು ತೆರೆದಿರಲಿ. ಬೀಗದ ಕೈ ಒಂದನ್ನು ಓಣಿಯಲ್ಲಿ ಯಾರ ಹತ್ತಿರವಾದರೂ ಕೊಡಿ. ತೆರೆದ ಹೊತ್ತು, ಮುಚ್ಚಿದ ಹೊತ್ತು ಪಾಳಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ, ತಿಂಗಳಿಗೊಮ್ಮೆ ತಾವೇ ತರಿಸಿ ನೋಡಿ. ಹೈಮಾಸ್ಟಿಗೆ ಕರೆಂಟ್ ಯಾವಾಗ ಬರುತ್ತದೋ ಬರಲಿ. ಅಲ್ಲಿಯವರೆಗೆ ಆ ಎರಡು ದೀಪ ಹಾಕಿಸಿ.

ಸಮಯ ಮಾಡಿಕೊಂಡು ಒಮ್ಮೆ ಬನ್ನಿ. ಬೆಳಗ್ಗೆ ಆರಕ್ಕಲ್ಲ, ಆಗ ಎಲ್ಲ ಪಾರ್ಕೂ ಚಂದ ಕಾಣುತ್ತದೆ. ಮಧ್ಯಾಹ್ನ ಎರಡಕ್ಕೆ ಬನ್ನಿ. ಪಶ್ಚಿಮದ ಬೇವಿನ ಕೆಳಗೆ ಐದು ನಿಮಿಷ ನಿಂತು, ಆಮೇಲೆ ಪೂರ್ವದ ಪೇವರ್ ಮೇಲೆ ಐದು ನಿಮಿಷ ನಿಲ್ಲಿ. ಊಟ ನಮ್ಮ ಮನೆಯಲ್ಲಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇರುತ್ತದೆ. ಹಾರ, ಶಾಲು ಇರುವುದಿಲ್ಲ.

ಒಂದೇ ಒಂದು ತೊಂದರೆ. ಎರಡು ಗಂಟೆಗೆ ಗೇಟಿಗೆ ಬೀಗ ಇರುತ್ತದೆ. ಬರುವಾಗ ಬೀಗದ ಕೈ ತರಿಸಿಕೊಂಡು ಬನ್ನಿ.

ಇಂತಿ ತಮ್ಮ ವಿಶ್ವಾಸಿಗಳು,
ಪಾಳಿ ಪುಸ್ತಕದ 31 ಮನೆಯವರು